ಬಣ್ಣಕ್ಕೂ ಮೊದಲು ಗಾರೆ: ಮಿಶ್ರ ಮಾಧ್ಯಮದಲ್ಲಿ ಒಂದು ಅಮೂರ್ತ ಚಿತ್ರ

ಫಲಕದ ಅಳತೆ 60 × 60 ಸೆಂ.ಮೀ. 9 ಮಿ.ಮೀ. ದಪ್ಪದ ಪ್ಲೈವುಡ್. ಹಿಂಬದಿಯ ನಾಲ್ಕೂ ಅಂಚಿಗೆ ಮರದ ಪಟ್ಟಿ, ನಡುವೆ ಅಡ್ಡಕ್ಕೆ ಇನ್ನೊಂದು. ದಪ್ಪ ಗಾರೆ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡುವ ಈ ಕೆಲಸ ಕ್ಯಾನ್ವಾಸ್ ಮೇಲೆ ಆಗುವುದೇ ಇಲ್ಲ ಎಂದೇನಲ್ಲ. ಆದರೆ ಬಿಗಿದ ಬಟ್ಟೆ ಚಾಕು ಒತ್ತಿದಾಗಲೆಲ್ಲ ಒಳಕ್ಕೆ ಬಾಗುತ್ತದೆ, ಹವೆ ಬದಲಾದಂತೆ ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ. ಮೇಲೆ ಕೂತ ಗಟ್ಟಿ ಗಾರೆಗೆ ಆ ಆಟ ಹಿಡಿಸುವುದಿಲ್ಲ, ಬಿರುಕು ಬಿಡುತ್ತದೆ. ತೂಕದ ಲೆಕ್ಕವೂ ಇದೆ. ಈ ಅಳತೆಗೆ ಸರಾಸರಿ 2 ಮಿ.ಮೀ. ದಪ್ಪ ಹಚ್ಚಿದರೆ 720 ಮಿ.ಲೀ. ಮಾಡೆಲಿಂಗ್ ಪೇಸ್ಟ್ (ಇಲ್ಲಿ ಗಾರೆ ಎನ್ನುತ್ತಿರುವುದು ಇದನ್ನೇ) ಬೇಕು. ಅದರಲ್ಲಿ ಅರ್ಧಕ್ಕೂ ಮೇಲೆ ಕಲ್ಲಿನ ಪುಡಿಯೇ, ಹಾಗಾಗಿ ಒಂದು ಕಿಲೋಗೂ ಮಿಕ್ಕಿದ ಭಾರ ಫಲಕದ ಮೇಲೆ ಬೀಳುತ್ತದೆ. ಬಟ್ಟೆ ಅದನ್ನು ಹೊತ್ತುಕೊಂಡು ಜೋಲುತ್ತದೆ, ಹಲಗೆ ಜೋಲುವುದಿಲ್ಲ.

ಹಲಗೆಗೂ ಅದರದೇ ಒಂದು ಚಾಳಿ ಇದೆ. ನೀರಿನ ಅಂಶವಿರುವ ಯಾವುದನ್ನೇ ಹಚ್ಚಿದರೂ ಮರದೊಳಗಿನ ಕಂದು ರಸ ಆ ನೀರಲ್ಲಿ ಕರಗಿ ಮೇಲೇರುತ್ತದೆ. ಬಿಳಿ ಗಾರೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಪಾರದರ್ಶಕ ಜೆಲ್‌ನಲ್ಲಿ, ಹಳದಿ ಕಲೆಯಾಗಿ ಕೂರುತ್ತದೆ. ಬಣ್ಣಕ್ಕೂ ಮೊದಲು ಬಳಿಯುವ ಬಿಳಿ ಅಡಿಪದರ, ಜೆಸ್ಸೊ, ಹಚ್ಚಿದ್ದೇನಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಜೆಸ್ಸೊ ಅದನ್ನು ತಡೆಯುವುದಿಲ್ಲ. ತಡೆಯಬೇಕಾದರೆ ಜೆಸ್ಸೊಗೂ ಮೊದಲು ತೆಳುವಾದ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್ ಅಂಟು) ಎರಡು ಕೈ ಹಚ್ಚಬೇಕು. ಮೊದಲ ಕೈ ಪೂರ್ತಿ ಒಣಗಿದ ಮೇಲೆ ಎರಡನೆಯದು, ಅಂಚಿಗೂ ಹಿಂಬದಿಗೂ ಸೇರಿಸಿ. ಹಿಂಬದಿ ಬಿಟ್ಟರೆ ಒಂದೇ ಮೈ ನೀರು ಕುಡಿದು ಹಲಗೆ ಬಟ್ಟಲಾಗುತ್ತದೆ. ಆಮೇಲೆ ಜೆಸ್ಸೊ ಎರಡು ಕೈ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. 220ರ ಸ್ಯಾಂಡ್‌ಪೇಪರ್‌ನಿಂದ ಒಮ್ಮೆ ಸವರಿದರೆ ಸಾಕು. ಕನ್ನಡಿಯಂತೆ ನುಣುಪು ಮಾಡುವುದು ಇಲ್ಲಿ ತಪ್ಪು, ಗಾರೆಗೆ ಹಿಡಿಯಲು ಸ್ವಲ್ಪ ಒರಟು ಬೇಕು.

ಗಾರೆ ನಾನೇ ಕಲಸಿದ್ದು. ಮೀಡಿಯಂನದೇ ಗಟ್ಟಿ ರೂಪವಾದ 100 ಮಿ.ಲೀ. ದಪ್ಪ ಅಕ್ರಿಲಿಕ್ ಜೆಲ್‌ಗೆ 100 ಮಿ.ಲೀ. ನಯವಾದ ಅಮೃತಶಿಲೆ ಪುಡಿಯಿಂದ ಶುರುಮಾಡಿ, ಚಮಚ ಚಮಚವಾಗಿ 150ರವರೆಗೆ. ಚಾಕುವಿನ ತುದಿಯಲ್ಲಿ ಎತ್ತಿದಾಗ ಕೊಕ್ಕಿನ ಹಾಗೆ ನಿಂತು ತುದಿ ಮಾತ್ರ ಬಾಗಬೇಕು, ಅದು ಹದ. ಪುಡಿ ಕಡಿಮೆಯಾದರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಏಕೆಂದರೆ ಹೊರಟುಹೋಗುವ ನೀರೆಲ್ಲ ಜೆಲ್‌ನದು. ಪುಡಿ ಅತಿಯಾದರೆ ಕಣಕಣವನ್ನೂ ಸುತ್ತಿ ಹಿಡಿಯುವಷ್ಟು ಅಂಟು ಉಳಿಯುವುದಿಲ್ಲ. ಒಣಗಿದ ಮೇಲೆ ಬೆರಳಿಂದ ಉಜ್ಜಿದರೆ ಸೀಮೆಸುಣ್ಣದ ಹಾಗೆ ಬಿಳಿ ಹತ್ತುತ್ತದೆ. ಹಾಗೆ ಹತ್ತಿದ ಗಾರೆಯನ್ನು ನೀರು ಬೆರೆಸಿದ ಮೀಡಿಯಂ ಕುಡಿಸಿ ಉಳಿಸಿಕೊಳ್ಳಬಹುದು, ಆದರೆ ಅದು ರಿಪೇರಿಯೇ. ಪುಡಿ ಕಲಸುವಾಗ ಮೂಗಿಗೆ ಮಾಸ್ಕ್ ಇರಲೇಬೇಕು. ಒದ್ದೆಯಾಗುವವರೆಗೂ ಅದು ಗಾಳಿಯಲ್ಲೇ ತೇಲುತ್ತಿರುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದರೆ ಆಗದೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಆಗುತ್ತದೆ, ಬಿಳಿ ಮರಗೋಂದು ಬೆರೆಸಿದರೆ ಇನ್ನೂ ಚೆನ್ನಾಗಿ. ಆದರೆ ಅದು ನೀರು ಆರಿ ಒಣಗುವ ವಸ್ತುವಲ್ಲ, ನೀರಿನೊಡನೆ ಸೇರಿ ಕಲ್ಲಾಗುವ ವಸ್ತು. ಬಟ್ಟಲಲ್ಲಿ ಇದ್ದಂತೆಯೇ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಗೆರೆ ಎಳೆಯಲು ಪುರಸೊತ್ತು ಕೊಡುವುದಿಲ್ಲ, ಅಂಚು ತಾಗಿದರೆ ಚೂರು ಹಾರುತ್ತದೆ. ತೊಳೆದ ನೀರನ್ನು ಸಿಂಕಿಗೆ ಸುರಿದರೆ ಪೈಪಿನೊಳಗೂ ಅದೇ ಕೆಲಸ ಮುಂದುವರಿಸುತ್ತದೆ. ಗೋಡೆಗೆ ಮೆತ್ತುವ ಪುಟ್ಟಿಯೂ ಹೀಗೇ ಪೆಡಸು. ಹೇಗೂ ಹಲಗೆಯ ಮೇಲೆ, ತೆಳುವಾಗಿ, ಮೇಲೊಂದು ಮೀಡಿಯಂ ಕೈ ಕೊಟ್ಟು ಬಳಸುವುದಾದರೆ ಅಡ್ಡಿಯಿಲ್ಲ.

ಹಚ್ಚಲು ಸಣ್ಣ ಕರಣೆ, ಅಗಲ ಪ್ಯಾಲೆಟ್ ನೈಫ್, ಹಲ್ಲು ಕತ್ತರಿಸಿದ ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡು. ಒಂದು ಸಲಕ್ಕೆ 2ರಿಂದ 3 ಮಿ.ಮೀ. ಅದಕ್ಕಿಂತ ಎತ್ತರ ಬೇಕಾದರೆ ಮಾರನೆಯ ದಿನ ಮತ್ತೊಂದು ಪದರ. ಇದು ಗೊತ್ತಿದ್ದೂ ಎಡಬದಿಯ ಒಂದು ದಿಣ್ಣೆಯನ್ನು ಒಂದೇ ಏಟಿಗೆ 8 ಮಿ.ಮೀ. ಎತ್ತರಿಸಿದ್ದಾಯಿತು, ಬೆಳಗಾಗುವಷ್ಟರಲ್ಲಿ ನೆತ್ತಿಯ ಮೇಲೆ ಕವಲೊಡೆದ ಬಿರುಕು. ಗಾಳಿ ತಾಕುವ ಮೇಲ್ಮೈ ಮೊದಲು ಒಣಗಿ ತೊಗಲು ಕಟ್ಟುತ್ತದೆ. ಒಳಗಿನ ನೀರು ಆಮೇಲೆ ನಿಧಾನಕ್ಕೆ ಹೊರಟು, ಒಳಗಿನ ರಾಶಿ ಕುಗ್ಗುತ್ತದೆ. ಆಗಲೇ ಬಿಗಿದು ನಿಂತ ತೊಗಲು ಆ ಕುಗ್ಗುವಿಕೆಗೆ ಒಪ್ಪದೆ ಹರಿಯುತ್ತದೆ. ಬೇಗ ಒಣಗಲಿ ಎಂದು ಫ್ಯಾನ್ ಹಾಕುವುದು, ಬಿಸಿಗಾಳಿ ಬಿಡುವುದು ಇದೇ ಕಾರಣಕ್ಕೆ ಕೆಲಸ ಕೆಡಿಸುತ್ತದೆ. ದಪ್ಪ ಪದರದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಗುಡಾರದಂತೆ, ಮೈಗೆ ತಾಗದ ಹಾಗೆ ಮುಚ್ಚಿ, ಮೊದಲ ದಿನ ನಿಧಾನಕ್ಕೆ ಒಣಗಲು ಬಿಡುವುದು ಸರಿ. ಕೋಣೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರಂತೂ ಅಕ್ರಿಲಿಕ್ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದೇ ಇಲ್ಲ. ಆಗ ಆಗುವ ಪುಡಿಪುಡಿ ಪದರ ಆಮೇಲೆ ಬೆಚ್ಚಗಾದರೂ ಸರಿಹೋಗದು.

ಬಿರುಕು ಯಾವಾಗಲೂ ತಪ್ಪೇ ಎಂದಲ್ಲ. ಇಟಲಿಯ ಆಲ್ಬೆರ್ತೊ ಬುರ್ರಿ 1970ರ ದಶಕದಲ್ಲಿ ಬಿಳಿ ಜೇಡಿ, ಬಣ್ಣದ ಪುಡಿ ಮತ್ತು ಅಂಟನ್ನು ದಪ್ಪಕ್ಕೆ ಹರವಿ, ಒಣಗುವಾಗ ಅದು ತಾನೇ ಒಡೆಯಲು ಬಿಟ್ಟು, ಬೇಕಾದ ಹೊತ್ತಿಗೆ ಮೇಲೆ ಅಂಟು ಕುಡಿಸಿ ಒಡಕನ್ನು ನಿಲ್ಲಿಸಿ, ಬಿರುಕನ್ನೇ ಚಿತ್ರ ಮಾಡಿದರು. ಅದರಲ್ಲಿ ಕಲಿಯಬೇಕಾದ್ದು ಆ ಕೊನೆಯ ಕೆಲಸ, ನಿಲ್ಲಿಸುವುದು. ನನ್ನ ದಿಣ್ಣೆಯ ಬಿರುಕನ್ನು ನಾನೂ ಮುಚ್ಚಲಿಲ್ಲ. ಒಂದಕ್ಕೆ ಒಂದು ನೀರು ಬೆರೆಸಿದ ಮೀಡಿಯಂ ಅನ್ನು ಬ್ರಷ್ಷಿನ ತುದಿಯಿಂದ ತೊಟ್ಟು ತೊಟ್ಟಾಗಿ ಸಂದಿಗೆ ಬಿಟ್ಟೆ. ಅದು ಇಳಿದು, ಸಡಿಲವಾಗಿದ್ದ ತುಣುಕುಗಳ ಬುಡ ಹಿಡಿಯಿತು. ಉಗುರಿನಿಂದ ಮೀಟಿದರೆ ಟಕ್ ಎಂಬ ಪೊಳ್ಳು ಸದ್ದು ಬಂದಲ್ಲಿ ಇನ್ನೂ ಅಂಟಿಲ್ಲ ಎಂದು ತಿಳಿದು ಇನ್ನೆರಡು ತೊಟ್ಟು.

ಗಾರೆ ಹಸಿ ಇರುವಾಗ ಏನು ಗೀರುತ್ತೇವೋ ಅದರ ಹೊತ್ತು ಬಲು ಮುಖ್ಯ. ಹಚ್ಚಿದ ಕೂಡಲೆ ಬಾಚಣಿಗೆ ಎಳೆದರೆ ಗೆರೆ ಚೊಕ್ಕಟ, ಬದಿಗಳು ದುಂಡು. ಸ್ವಲ್ಪ ಹೊತ್ತು ಬಿಟ್ಟು, ಕೆನೆ ಕಟ್ಟುವಾಗ ಎಳೆದರೆ ಕೆನೆ ಹರಿದು ಅಂಚು ಒರಟಾಗಿ ಮೇಲೇಳುತ್ತದೆ. ಎರಡೂ ಬೇಕು, ಆದರೆ ಬೇಕಾದಲ್ಲಿ ಬೇಕು. ಸ್ಟೆನ್ಸಿಲ್ ಇಟ್ಟು ಗಾರೆ ಎಳೆದರೆ ಹಸಿ ಇರುವಾಗಲೇ ನೇರ ಮೇಲಕ್ಕೆತ್ತಿ ತಕ್ಷಣ ನೀರಲ್ಲಿ ಹಾಕಬೇಕು. ಗುಳ್ಳೆ ಪ್ಲಾಸ್ಟಿಕ್ (ಬಬಲ್ ರ‍್ಯಾಪ್) ಒತ್ತಿ ಹಾಗೇ ಬಿಟ್ಟರೆ ಗಾಳಿಯಾಡದೆ ಅಡಿಯ ಗಾರೆ ಒಣಗುವುದೇ ಇಲ್ಲ. ಎರಡು ದಿನ ಬಿಟ್ಟು ಕಿತ್ತರೆ ಅರ್ಧ ಗಾರೆ ಅದರ ಜೊತೆಗೇ ಬರುತ್ತದೆ. ಒತ್ತು, ತೆಗೆ, ಅಷ್ಟೇ.

ಬಲಗಡೆಯ ಕೆಳಮೂಲೆಗೆ ಅಂಗೈಯಗಲ ಗೋಣಿಬಟ್ಟೆ, ಎಳೆ ಬಿಚ್ಚಿದ್ದು. ಒಣ ಗೋಣಿಯನ್ನು ನೇರ ಗಾರೆಗೆ ಒತ್ತಿದರೆ ಅದು ಗಾರೆಯ ನೀರನ್ನೆಲ್ಲ ಹೀರಿ, ಅಂಟು ಹಿಡಿಯುವ ಮೊದಲೇ ಒಣಗಿಸಿಬಿಡುತ್ತದೆ. ಒಂದು ತಿಂಗಳ ನಂತರ ಮೂಲೆ ಎದ್ದು ನಿಲ್ಲುತ್ತದೆ. ಅದಕ್ಕೆ ಮೊದಲು ನೀರು ಬೆರೆಸಿದ ಮೀಡಿಯಂನಲ್ಲಿ ಅದ್ದಿ, ಹಿಂಡಿ, ಆಮೇಲೆ ಗಾರೆಯ ಮೇಲಿಟ್ಟು ಚಾಕುವಿನ ಬೆನ್ನಿನಿಂದ ಒತ್ತುವುದು. ನೇಯ್ಗೆಯ ಕಣ್ಣುಗಳಲ್ಲಿ ಗಾರೆ ಉಕ್ಕಿ ಬಂದರೆ ಹಿಡಿದಿದೆ ಎಂದರ್ಥ. ಗೋಣಿ ಸೆಣಬು, ಅದರಲ್ಲೂ ಕಂದು ಬಿಡುವ ಗುಣ ಇದೆ. ಮೀಡಿಯಂ ಕುಡಿಸುವುದು ಅದಕ್ಕೂ ಮದ್ದು. ಮರಳನ್ನು ತೊಳೆದು ಒಣಗಿಸಿಯೇ ಜೆಲ್‌ಗೆ ಸೇರಿಸುವುದು. ಉಪ್ಪಿನಂಶ ಉಳಿದರೆ ಅದು ಮಳೆಗಾಲದುದ್ದಕ್ಕೂ ತೇವ ಎಳೆಯುತ್ತದೆ. ಒಣ ಎಲೆ, ಬೀಜ, ತೊಗಟೆಗಳ ಆಸೆ ನನಗಿಲ್ಲ. ಬೂಷ್ಟು, ಹುಳು ಎರಡಕ್ಕೂ ಅದು ಆಹ್ವಾನ, ಮೇಲಾಗಿ ಅವು ಬಂದಲ್ಲೆಲ್ಲ ಚಿತ್ರ ಗ್ರೀಟಿಂಗ್ ಕಾರ್ಡಿನ ಕಡೆ ವಾಲುತ್ತದೆ.

ಕಾಗದದ ವಿಷಯ ಬೇಗ ಹೇಳಿಬಿಡಬಹುದು. ತೇವ ತಾಗಿದ ಕಾಗದ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ. ಅಂಟಿಸಿದ ಮೇಲೆ ಹಿಗ್ಗಿದರೆ ಸುಕ್ಕು. ಹಾಗಾಗಿ ಮೊದಲೇ ನೀರು ಚಿಮುಕಿಸಿ ಹಿಗ್ಗಲು ಬಿಟ್ಟು, ಅಡಿಗೂ ಮೇಲಕ್ಕೂ ಜೆಲ್ ಹಚ್ಚಿ, ನಡುವಿನಿಂದ ಅಂಚಿನತ್ತ ರೋಲರ್ ಓಡಿಸುವುದು. ಒಣಗಿದ ಮೇಲೆ ಗುಳ್ಳೆ ಕಂಡರೆ ಬ್ಲೇಡಿನಲ್ಲಿ ಒಂದು ಗೀರು ಹಾಕಿ, ಒಳಕ್ಕೆ ಮೀಡಿಯಂ ತುರುಕಿ ಒತ್ತಿದರೆ ಕೂತುಕೊಳ್ಳುತ್ತದೆ. ಸುದ್ದಿಪತ್ರಿಕೆಯ ಕಾಗದ ಹಳದಿಗಟ್ಟುವುದನ್ನು ಯಾವ ಜೆಲ್ಲೂ ತಡೆಯದು. ಇಂಕ್‌ಜೆಟ್ ಅಚ್ಚು ಸಾಮಾನ್ಯವಾಗಿ ನೀರಿಗೆ ಕದಡುತ್ತದೆ, ಲೇಸರ್ ಅಚ್ಚು ನಿಲ್ಲುತ್ತದೆ. ಅದೇ ಲೇಸರ್ ಹಾಳೆಯನ್ನು ಹಸಿ ಜೆಲ್ ಮೇಲೆ ಬೋರಲು ಹಾಕಿ, ಪೂರ್ತಿ ಒಣಗಿಸಿ, ನೀರು ಸವರಿ ಬೆರಳಿಂದ ಕಾಗದ ಉಜ್ಜಿ ತೆಗೆದರೆ ಅಚ್ಚು ಮಾತ್ರ ಜೆಲ್‌ನಲ್ಲಿ ಉಳಿಯುತ್ತದೆ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಉಜ್ಜಿದ್ದು ಸಾಕು ಅನ್ನಿಸಿದರೂ ಒಣಗಿದಾಗ ಬಿಳಿ ಮಂಜು ಕಂಡರೆ ನಾರು ಉಳಿದಿದೆ ಎಂದೇ. ಮತ್ತೆ ತೇವ, ಮತ್ತೆ ಉಜ್ಜು.

ಇಷ್ಟಕ್ಕೆ ಐದು ದಿನ ಹಿಡಿಯಿತು. ಮೂರು ದಿನ ಬರೀ ಒಣಗಿಸಿದ್ದು. ಒಣಗಿತೇ ಎಂದು ನೋಡಲು ಮುಂಗೈಯನ್ನು ಗಾರೆಗೆ ತಾಗಿಸುತ್ತೇನೆ. ಒಣಗಿದ ಫಲಕ ಕೋಣೆಯಷ್ಟೇ ಬೆಚ್ಚಗಿರುತ್ತದೆ. ಇನ್ನೂ ನೀರು ಹೊರಡುತ್ತಿದ್ದರೆ ಆ ಜಾಗ ಮಾತ್ರ ತಣ್ಣಗೆ, ಮಡಕೆಯ ಹೊಟ್ಟೆ ಮುಟ್ಟಿದ ಹಾಗೆ.

ಇನ್ನು ಬಣ್ಣ. ಉಬ್ಬುತಗ್ಗಿನ ಚಿತ್ರದಲ್ಲಿ ಮೈವಳಿಕೆ (ಟೆಕ್ಸ್ಚರ್) ಎಂದರೆ ಎತ್ತರ–ಆಳ ಎಂದಷ್ಟೇ ತಿಳಿಯುವುದರಿಂದ ಹೆಚ್ಚಿನ ಎಡವಟ್ಟುಗಳು ಆಗುತ್ತವೆ ಎಂಬುದು ನನ್ನ ಅನಿಸಿಕೆ. ಕಣ್ಣಿಗೆ ಕಾಣದ ಇನ್ನೊಂದು ಮೈವಳಿಕೆ ಇದೆ. ಯಾವುದು ಎಷ್ಟು ನೀರು ಕುಡಿಯುತ್ತದೆ ಎಂಬುದು. ಬರ್ನ್ಟ್ ಅಂಬರ್‌ಗೆ ಚಿಟಿಕೆ ಅಲ್ಟ್ರಾಮರೀನ್ ನೀಲಿ ಸೇರಿಸಿ, ನೀರಾಗಿ ಕಲಸಿ, ಅಗಲ ಬ್ರಷ್ಷಿನಿಂದ ಇಡೀ ಫಲಕದ ಮೇಲೆ ಒಂದೇ ಕೈಯಲ್ಲಿ ಹಾಯಿಸಿದರೆ ಒಂದೇ ಬಣ್ಣ ನಾಲ್ಕು ಥರ ಆಗುತ್ತದೆ. ಬರಿಯ ಗಾರೆ ಕುಡಿದುಬಿಡುತ್ತದೆ, ಬ್ರಷ್ ಮುಂದೆ ಹೋಗುವುದರೊಳಗೆ ಹಿಂದೆ ಒಣ ಅಂಚು, ಬಣ್ಣ ಮಂಕು, ಒರೆಸಿದರೂ ಬಾರದ ಕಲೆ. ಜೆಲ್ ಹಚ್ಚಿದ ಕಾಗದದ ಮೇಲೆ ಅದೇ ನೀರು ಹನಿಹನಿಯಾಗಿ ಕೂಡಿಕೊಂಡು ಓಡುತ್ತದೆ, ಒಣಗಿದಾಗ ಹನಿಯ ಅಂಚಿನಲ್ಲಿ ಮಾತ್ರ ಕಪ್ಪು ಬಳೆ. ಮರಳಿನ ಭಾಗದಲ್ಲಿ ಕಾಳು ಕಾಳಿನ ಸಂದಿಗೆ ಇಳಿದು ಸಮನಾಗಿ ಗಾಢವಾಗುತ್ತದೆ. ಗೋಣಿಯಲ್ಲಿ ಎಳೆಯ ಮೇಲೆ ತಿಳಿ, ಕಣ್ಣುಗಳಲ್ಲಿ ಕಡು.

ಈ ಭೇದ ಗೊತ್ತಾದರೆ ಅದನ್ನು ಬೇಕೆಂದೇ ಆಳಬಹುದು. ಬಣ್ಣ ಇಳಿಯಬೇಕು, ಆದರೆ ದಿಣ್ಣೆಗಳ ನೆತ್ತಿ ಬಿಳಿಯಾಗಿಯೇ ಇರಬೇಕು ಎಂದಿದ್ದಲ್ಲಿ, ಬಣ್ಣಕ್ಕೂ ಮೊದಲು ಹೊಳಪಿನ ಮೀಡಿಯಂ ಒಂದು ತೆಳು ಕೈ. ಆಗ ಗಾರೆ ಕುಡಿಯುವುದಿಲ್ಲ. ಎರಡು ನಿಮಿಷ ಬಿಟ್ಟು ಹಿಂಡಿದ ಒದ್ದೆ ಬಟ್ಟೆಯನ್ನು ಅಂಗೈಗೆ ಬಿಗಿದುಕೊಂಡು ಮೇಲಿಂದ ಸವರಿದರೆ ನೆತ್ತಿ ಬಿಳಿಯಾಗಿ, ಹಳ್ಳದಲ್ಲಿ ಕತ್ತಲು ಉಳಿಯುತ್ತದೆ. ಬಟ್ಟೆಯನ್ನು ಉಂಡೆ ಮಾಡಿ ಹಿಡಿದರೆ ಅದು ಹಳ್ಳಕ್ಕೂ ಇಳಿದು ಎಲ್ಲ ಎತ್ತಿಬಿಡುತ್ತದೆ. ಕಲೆ ಹಾಗೇ ನುಂಗಿಕೊಳ್ಳಲಿ, ಹಳೆಯ ಗೋಡೆಯಂತಾಗಲಿ ಎಂದಿದ್ದಲ್ಲಿ ಗಾರೆಯನ್ನು ಬರಿದಾಗಿಯೇ ಬಿಡುವುದು. ಈ ಫಲಕದಲ್ಲಿ ಮೂರನೇ ಎರಡು ಭಾಗಕ್ಕೆ ಮೀಡಿಯಂ ಕೊಟ್ಟು, ಮೇಲಿನ ಒಂದು ಪಟ್ಟಿಯನ್ನು ಹಾಗೇ ಬಿಟ್ಟಿದ್ದೆ. ಇಡೀ ಚಿತ್ರದಲ್ಲಿ ಹೊಳೆಯದೆ ಸುಮ್ಮನಿರುವ ಜಾಗ ಅದೊಂದೇ.

ಹಸಿಯಲ್ಲಿ ಕಂಡ ಬಣ್ಣವನ್ನು ನಂಬಬಾರದು. ಅಕ್ರಿಲಿಕ್‌ನ ಅಂಟು ಹಸಿ ಇರುವಾಗ ಹಾಲಿನ ಹಾಗೆ ಬಿಳಿ, ಒಣಗಿದರೆ ಗಾಜು. ಹಾಗಾಗಿ ಒಣಗಿದ ಬಣ್ಣ ತುಸು ಗಾಢ. ಒಂದು ತುಣುಕು ಜೆಸ್ಸೊ ಹಚ್ಚಿದ ರಟ್ಟು ಪಕ್ಕದಲ್ಲಿಟ್ಟುಕೊಂಡು ಪ್ರತಿ ಕಲಸನ್ನೂ ಮೊದಲು ಅದಕ್ಕೆ ಬಳಿದು ನೋಡುವುದು ಒಳ್ಳೆಯದು.

ಎರಡನೆಯ ಸುತ್ತಿಗೆ ಪಾರದರ್ಶಕ ಬಣ್ಣಗಳು: ಕ್ವಿನಾಕ್ರಿಡೋನ್ ಕೆಂಪು, ನಿಕಲ್ ಅಜೊ ಹಳದಿ. ಬಣ್ಣವನ್ನು ಪಾರದರ್ಶಕವಾಗಿ ತೆಳುಗೊಳಿಸುವ ಗ್ಲೇಜಿಂಗ್ ಮೀಡಿಯಂ ಹತ್ತು ಪಾಲಿಗೆ ಒಂದು ಪಾಲು ಬಣ್ಣ. ಥಾಲೊ ನೀಲಿಗೆ ಮಾತ್ರ ಈ ಅಳತೆ ನಡೆಯದು, ಸೂಜಿಮೊನೆಯಷ್ಟು ಸಾಕು, ಹೆಚ್ಚಾದರೆ ಸುತ್ತಲಿನದನ್ನೆಲ್ಲ ತಿಂದುಹಾಕುತ್ತದೆ. ಪ್ರತಿ ಗ್ಲೇಜ್, ಅಂದರೆ ಹೀಗೆ ಹಚ್ಚಿದ ತೆಳು ಪದರ, ಒಣಗಿದ ಮೇಲೇ ಮುಂದಿನದು. ಅರೆ ಒಣಗಿದ್ದರ ಮೇಲೆ ಬ್ರಷ್ ಆಡಿಸಿದರೆ ಅಡಿಯ ತೊಗಲು ಸುರುಳಿ ಸುತ್ತಿಕೊಂಡು ಬರುತ್ತದೆ. ಆಮೇಲೆ ಒಣ ಬ್ರಷ್. ಚಪ್ಪಟೆ ಬ್ರಷ್ಷಿಗೆ ಟೈಟಾನಿಯಂ ಬಿಳಿ ಹತ್ತಿಸಿ, ಬಟ್ಟೆಗೆ ಒರೆಸಿ ಒರೆಸಿ ಇನ್ನೇನು ಖಾಲಿ ಎನ್ನುವಷ್ಟಾದಾಗ, ಬ್ರಷ್ಷನ್ನು ಫಲಕಕ್ಕೆ ಹೆಚ್ಚುಕಡಿಮೆ ಮಲಗಿಸಿ ಎಳೆದರೆ ಗೀರುಗಳ ನೆತ್ತಿ ಮಾತ್ರ ಮಿಂಚುತ್ತದೆ. ಇದು ರುಚಿ ಹತ್ತುವ ಕೆಲಸ, ಅದೇ ಅಪಾಯ. ಎಲ್ಲ ನೆತ್ತಿಗೂ ಬಿಳಿ ಹತ್ತಿದರೆ ಫಲಕ ಸಿಮೆಂಟಿನ ಅಚ್ಚಿನಂತೆ ಕಾಣುತ್ತದೆ.

ಹಾಗೇ ಕಂಡಿತು ಕೂಡ. ಎಲ್ಲ ಕಡೆ ಗೀರು, ಎಲ್ಲ ಕಡೆ ಬಿಳಿ ಅಂಚು, ಕಣ್ಣಿಗೆ ಕೂರಲು ಜಾಗವಿಲ್ಲ. ಇಂಥ ಹೊತ್ತಿನಲ್ಲಿ ಇನ್ನಷ್ಟು ಸೇರಿಸುವುದಕ್ಕಿಂತ ಅಳಿಸುವುದು ಮೇಲು. ಬಿಳಿಗೆ ಸ್ವಲ್ಪ ರಾ ಅಂಬರ್ ಕಂದು ಸೇರಿಸಿ ಮುಚ್ಚುಬಣ್ಣ ಮಾಡಿ, ಅಗಲ ಚಾಕುವಿನಿಂದ ಮೇಲಿನ ಎಡಭಾಗದ ಮೇಲೆ ಎಳೆದುಬಿಟ್ಟೆ. ಹಳ್ಳ ತುಂಬಿ, ಉಬ್ಬು ಮೊಂಡಾಗಿ, ಮೂರನೇ ಒಂದು ಭಾಗ ಹೆಚ್ಚುಕಡಿಮೆ ಸಪಾಟಾಯಿತು. ಮೂರು ದಿನದ ಮೇಲೆ 400ರ ಸ್ಯಾಂಡ್‌ಪೇಪರನ್ನು ಒದ್ದೆ ಮಾಡಿಕೊಂಡು ಉಜ್ಜಿದಾಗ ಅಡಿಯ ಕೆಂಪು ಅಲ್ಲಲ್ಲಿ ತೇಪೆಯಾಗಿ ಮೇಲೆ ಬಂತು. ಬೇಗ ಉಜ್ಜಿದರೆ ಅಕ್ರಿಲಿಕ್ ಬಿಸಿಯಾಗಿ ರಬ್ಬರಿನಂತೆ ಸುತ್ತಿಕೊಳ್ಳುತ್ತದೆ. ಕಾಯುವುದೂ ನೀರೂ ಅದಕ್ಕಾಗಿ.

ಚಿತ್ರ ತೂಗುಹಾಕುವ ಜಾಗದ ಬೆಳಕಿನ ಮಾತೂ ಇಲ್ಲೇ ಬರಬೇಕು. ಎದುರಿನಿಂದ ಬೆಳಕು ಬಿದ್ದರೆ ಅರ್ಧ ಮಿ.ಮೀ. ಗೀರು ಇದ್ದೂ ಇಲ್ಲದಂತೆ. ಅದೇ ಬದಿಯಿಂದ ಬಿದ್ದರೆ ಕಣಿವೆ. ಒಂದು ದೀಪವನ್ನು ಎಡಬದಿಗೆ, ಫಲಕದ ಮಟ್ಟಕ್ಕೇ ಇಟ್ಟು ನೋಡಿ, ಆಮೇಲೆ ಮೇಲಿನಿಂದ ಇಳಿಬೀಳುವಂತೆ ಇಟ್ಟು ನೋಡಿದರೆ ಎರಡು ಬೇರೆ ಚಿತ್ರ. ಅಡ್ಡ ಗೀರುಗಳು ಮೇಲಿನ ಬೆಳಕಿಗೆ ನೆರಳು ಕೊಡುತ್ತವೆ, ಉದ್ದ ಗೀರುಗಳು ಬದಿಯ ಬೆಳಕಿಗೆ. ಗೋಡೆಯ ಮೇಲೆ ಚಿತ್ರಕ್ಕೆ ಬಹುಮಟ್ಟಿಗೆ ಮೇಲಿನ ಬೆಳಕೇ ಸಿಗುವುದರಿಂದ ಮುಖ್ಯ ಗೀರುಗಳು ಅಡ್ಡಕ್ಕಿದ್ದರೆ ಲಾಭ.

ಕೊನೆಯ ಗೆರೆಗಳಿಗೆ ಎಣ್ಣೆ ಬಣ್ಣ, ಅದಕ್ಕೆ ಕೋಲ್ಡ್ ವ್ಯಾಕ್ಸ್ (ಬಿಸಿ ಮಾಡದೆ ಬೆರೆಸುವ ಮೆತ್ತನೆಯ ಮೇಣ) ಸಮಪಾಲು. ಒಣಗಿದ ಅಕ್ರಿಲಿಕ್ ಮೇಲೆ ಎಣ್ಣೆ ನಿಲ್ಲುತ್ತದೆ. ಎಣ್ಣೆಯ ಮೇಲೆ, ಆಯಿಲ್ ಪೇಸ್ಟಲ್ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಒಂದು ದಿನ ಹಾಳೆಯಾಗಿ ಸುಲಿದು ಬರುತ್ತದೆ. ಆಯಿಲ್ ಪೇಸ್ಟಲ್ ಎಂದಿಗೂ ಪೂರ್ತಿ ಒಣಗುವುದೂ ಇಲ್ಲ. ಹಾಗಾಗಿ ಎಣ್ಣೆ ಬಂದ ಮೇಲೆ ನೀರಿನ ಬಣ್ಣದ ಡಬ್ಬಿಗಳ ಮುಚ್ಚಳ ಹಾಕಿಬಿಡುವುದೇ ಕ್ಷೇಮ. ಕಬ್ಬಿಣದ ಪುಡಿ ಬೆರೆಸಿದ ಜೆಲ್‌ಗೆ ವಿನೆಗರ್ ಚಿಮುಕಿಸಿ ತುಕ್ಕು ಬರಿಸುವ ಆಟವಿದ್ದರೆ ಅದು ಎಲ್ಲಕ್ಕಿಂತ ಮೊದಲೇ ಮುಗಿದಿರಬೇಕು. ಅಲ್ಟ್ರಾಮರೀನ್ ಹತ್ತಿರವಿದ್ದರಂತೂ ಬೇಡವೇ ಬೇಡ, ಆಮ್ಲ ತಾಗಿದರೆ ಆ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ.

ವಾರ್ನಿಷ್ ವಿಚಾರದಲ್ಲಿ ಉಬ್ಬುತಗ್ಗು ನಿಜಕ್ಕೂ ಸತಾಯಿಸುತ್ತದೆ. ಬರಿಯ ಅಕ್ರಿಲಿಕ್ ಚಿತ್ರವಾದರೆ ಮೊದಲು ಹೊಳಪಿನ ಸಾಫ್ಟ್ ಜೆಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಒಂದು ತಡೆಪದರ. ಇದು ಮತ್ತೆ ತೆಗೆಯಲಾಗದ್ದು. ಮುಂದೊಮ್ಮೆ ವಾರ್ನಿಷ್ ತೆಗೆಯುವವರ ಬಟ್ಟೆಗೆ ಬಣ್ಣ ಹತ್ತದಿರಲಿ ಎಂದು ಇರುವುದು. ಎಣ್ಣೆಯ ಗೆರೆಗಳಿದ್ದ ಈ ಫಲಕದಲ್ಲಿ ಅದನ್ನು ಎಣ್ಣೆಗೂ ಮೊದಲೇ ಮುಗಿಸಿದ್ದೆ, ಮೇಣವಿದ್ದ ಜಾಗಕ್ಕೆ ವಾರ್ನಿಷ್ ಕೊಡದೆ ಬಿಟ್ಟೆ. ತಡೆಪದರ ಇಲ್ಲದೆ ಮ್ಯಾಟ್ ವಾರ್ನಿಷ್ ಹಾಕಿದರೆ ಕುಡಿಯುವ ಗಾರೆ ಅದರ ದ್ರವವನ್ನು ಹೀರಿ, ಹೊಳಪು ಕುಂದಿಸುವ ಪುಡಿಯನ್ನು ಮೇಲೆಯೇ ಬಿಡುತ್ತದೆ. ಕಡುಬಣ್ಣದ ಮೇಲೆ ಬೂದಿ ಎರಚಿದ ಹಾಗೆ. ಬ್ರಷ್ಷಿನಿಂದ ಹಚ್ಚಿದರೆ ಹಳ್ಳದಲ್ಲಿ ಮಡುಗಟ್ಟಿ ಅದೇ ಕಥೆ, ಜೊತೆಗೆ ನೊರೆಯ ಗುಳ್ಳೆ. ಸ್ಪ್ರೇ ಒಳ್ಳೆಯದು: 30 ಸೆಂ.ಮೀ. ದೂರದಿಂದ, ತೆಳುವಾಗಿ, ಒಂದು ಸಲ ಅಡ್ಡಕ್ಕೆ, ಒಣಗಿದ ಮೇಲೆ ಫಲಕ ತಿರುಗಿಸಿ ಇನ್ನೊಂದು ಸಲ, ಏಕೆಂದರೆ ದಿಣ್ಣೆಯ ಬೆನ್ನ ಹಿಂದೆ ಮೊದಲ ಸ್ಪ್ರೇ ಬಿದ್ದಿರುವುದಿಲ್ಲ. ತೇವದ ದಿನ ಬೇಡ.

ಸಾಗಿಸುವಾಗ ಗುಳ್ಳೆ ಪ್ಲಾಸ್ಟಿಕ್ಕನ್ನು ನೇರ ಸುತ್ತಿದರೆ ಬಿಸಿಲಿಗೆ ಮೆತ್ತಗಾದ ಅಕ್ರಿಲಿಕ್ ಮೇಲೆ ಅದರ ವೃತ್ತಗಳು ಅಚ್ಚಾಗುತ್ತವೆ. ಮೊದಲು ಸಿಲಿಕೋನ್ ಲೇಪದ ಕಾಗದ, ಆಮೇಲೆ ಬೇಕಾದ್ದು. ಕೊರೆಯುವ ಚಳಿಯಲ್ಲಾದರೆ ಅದೇ ಅಕ್ರಿಲಿಕ್ ಗಾಜಿನಂತೆ ಪೆಡಸಾಗುತ್ತದೆ, ಆಗ ಪೆಟ್ಟು ತಾಗಬಾರದು. ತೂಕ ಹೆಚ್ಚಿರುವುದರಿಂದ ಹಿಂಬದಿಯ ಪಟ್ಟಿಗೆ ಎರಡು ಕಡೆ ಕೊಂಡಿ, ಒಂದೇ ಮೊಳೆಗೆ ಬೇಡ. ದೂಳಿಗೆ ಮೃದು ಬ್ರಷ್ ಸಾಕು, ಒದ್ದೆ ಬಟ್ಟೆ ಹಿಡಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಹಲಗೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಪದರಗಳ ಕ್ರಮ ಬರೆದಿಟ್ಟಿದ್ದೇನೆ: ಮೀಡಿಯಂ 2, ಜೆಸ್ಸೊ 2, ಗಾರೆ, ಗೋಣಿ, ಕಾಗದ, ಅಕ್ರಿಲಿಕ್, ತಡೆಪದರ, ಎಣ್ಣೆ–ಮೇಣ ಬಲಬದಿಯಲ್ಲಿ ಮಾತ್ರ, ವಾರ್ನಿಷ್ ಉಳಿದೆಡೆ. ಅದರ ಪಕ್ಕದಲ್ಲೇ ವಾರ್ನಿಷ್ ಡಬ್ಬಿಯ ಮೇಲಿದ್ದ ಹೆಸರು, ಮತ್ತು ಅದು ಯಾವ ದ್ರಾವಕದಲ್ಲಿ ಕರಗುತ್ತದೆ ಎಂಬುದು.